ಪಲ್ಲವಿ ಬಂದಾಗ ನಿಲ್ಲುವವರು

ಅಧ್ಯಕ್ಷ ಪೀಠವನ್ನೂ, ಈ ಸಭಾಂಗಣದಲ್ಲಿ ಸರಿಯಾಗಿ ತಿರುಗುವ ಏಕೈಕ ಫ್ಯಾನಿನ ಕೆಳಗಿನ ಜಾಗವನ್ನೂ ಏಕಕಾಲಕ್ಕೆ ಅಲಂಕರಿಸಿರುವ ಮಾನ್ಯ ದೋನ್ ಫುಲ್ಹೆನ್ಸಿಯೊ ಚಾಸರೊ ಅವರೇ. ಇಂದು ನಾವು ಸನ್ಮಾನಿಸಲು ಕರೆದಿರುವ, ನಮ್ಮೆಲ್ಲರ ನಾಡಿ ಬಲ್ಲ ಡಾಕ್ಟರ್ ನೆರೆಯಿದಾ ಪುಲಿದೊ ಅವರೇ. ವಾದ್ಯವೃಂದದ ನಾಯಕರಾದ ಮಾಯೆಸ್ತ್ರೊ ಇಲಾರಿಯೊ ಅವರೇ. ಮೊದಲ ಸಾಲಿನಲ್ಲಿ ಬೀಸಣಿಗೆ ಹಿಡಿದು ಕುಳಿತಿರುವ ಮಹಿಳೆಯರೇ. ಕೊನೆಯ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾಗಿ ಕುಳಿತಿರುವ ಮಹನೀಯರೇ. ವೆರಾಕ್ರೂಸ್ ಬಂದರಿನ ಹಳೇ ಮೀನುಕಟ್ಟೆ ಬಡಾವಣೆಯ ದಾನ್ಸೋನ್ ನೃತ್ಯ ಸಂಘದ ಸಮಸ್ತ ಸಭಿಕರೇ,

ಬಾಗಿಲಲ್ಲಿ ಕಟ್ಟಿರುವ ಬಟ್ಟೆಯ ಮೇಲೆ 'ಹಾರ್ದಿಕ ಸ್ವಾಗತ' ಎಂದು ಬರೆಸಿದ್ದಾರೆ. ಹೃದಯದ ಡಾಕ್ಟರು ಬರುವ ಸಭೆಯಲ್ಲಿ ಹೃದಯದ ಮಾತನ್ನು ಬಾಗಿಲಲ್ಲೇ ಎತ್ತಬಾರದಿತ್ತು. ಡಾಕ್ಟರಮ್ಮ ಒಳಗೆ ಬಂದವರೇ ಬಟ್ಟೆ ಓದಿ, ನನ್ನ ಮುಖ ನೋಡಿ, "ಹಾರ್ದಿಕ ಅಂತ ಬರ್ಸಿದ್ದೀರಲ್ಲ ದೋನ್ ಕಸಿಮಿರೊ, ಹೃದಯಾನ ಜೊತೇಲಿ ತಂದಿದೀರೋ, ಮನೇಲಿ ಬಿಟ್ಟು ಬಂದಿದೀರೋ?" ಎಂದು ಕೇಳಿದರು. ನಾನು ನಕ್ಕೆ. ಸಂಘದ ಉಪಾಧ್ಯಕ್ಷನಾದವನಿಗೆ ನಗುವುದೂ ಒಂದು ಜವಾಬ್ದಾರಿ.

ಅವರು ಬಂದಾಗ ಸಭೆ ಒಟ್ಟಿಗೆ ಎದ್ದು ನಿಲ್ಲದೆ ಕಂತುಕಂತಾಗಿ ಎದ್ದು ನಿಂತಿತು. ಇದನ್ನು ಯಾರೂ ಅಗೌರವವೆಂದು ತಿಳಿಯಬಾರದು. ವಯಸ್ಸಾದವರು ದಿಢೀರನೆ ಎದ್ದರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ, ಮೊದಲು ಕುರ್ಚಿಯ ಅಂಚಿಗೆ ಬನ್ನಿ, ಆಮೇಲೆ ಕೈ ಊರಿ, ಆಮೇಲೆ ಏಳಿ ಎಂದು ಕಲಿಸಿದವರು ಅವರೇ. ಕೊನೆಯ ಸಾಲಿನವರು ಎದ್ದು ನಿಲ್ಲುವ ಹೊತ್ತಿಗೆ ಅವರು ಕುಳಿತಾಗಿತ್ತು. ಗುರುವಿಗೆ ಶಿಷ್ಯರು ಇದಕ್ಕಿಂತ ಹೆಚ್ಚಿನ ಗೌರವ ಹೇಗೆ ತೋರಿಸಬೇಕು?

ನನಗೆ ಕೊಟ್ಟಿರುವುದು ಹತ್ತು ನಿಮಿಷ. ಇದು ಮುಗಿದ ಕೂಡಲೇ ಎಲ್ಲರೂ ಚೌಕಕ್ಕೆ ಹೋಗಬೇಕು. ಸಂಘದ ವಾರ್ಷಿಕೋತ್ಸವದ ಮೊದಲ ದಾನ್ಸೋನನ್ನು ದೋನ್ಯಾ ಎದುವೀಹೆಸ್ ಲಗುನೆಸ್ ಅವರೂ ನಾನೂ ಆರಂಭಿಸುವುದು ರೂಢಿ. ಈ ಸಲ ಆರಂಭಿಸುತ್ತೇವೆಯೋ ಇಲ್ಲವೋ ಎಂಬ ಬಗ್ಗೆ ಊರಿನಲ್ಲಿ ಅನಗತ್ಯ ಚರ್ಚೆ ನಡೆದಿದೆ ಎಂದು ಕೇಳಿದ್ದೇನೆ. ಅದಕ್ಕೆ ಈ ಭಾಷಣದಲ್ಲಿ ಉತ್ತರ ಕೊಡುವ ಉದ್ದೇಶ ನನಗಿಲ್ಲ.

ಮೊದಲು ಡಾಕ್ಟರಮ್ಮನವರ ಸೇವೆಯ ವಿಷಯ. ಹೋದ ವರ್ಷ ನಮ್ಮ ದೋನ್ ಅಬುಂದಿಯೊ ಕುಣಿಯುತ್ತಿದ್ದವರು ನಡುವೆ ನಿಂತು ಎದೆ ನೀವಿಕೊಂಡು, "ಏನಿಲ್ಲ ಕಣ್ರೋ, ಗ್ಯಾಸು. ಮಧ್ಯಾಹ್ನ ಏಡಿ ತಿಂದಿದ್ದೆ" ಎಂದು ಮನೆಗೆ ಹೋದರು. ನಾವೆಲ್ಲ ಏಡಿಯನ್ನು ಬೈದು ಕುಣಿತ ಮುಂದುವರಿಸಿದೆವು. ಮುಂದಿನ ವಾರ ಮಾಯೆಸ್ತ್ರೊ ಮೊದಲ ದಾನ್ಸೋನನ್ನು ದೋನ್ ಅಬುಂದಿಯೊ ಅವರ ಹೆಸರಿಗೆ ಅರ್ಪಿಸಿದರು. ನಮ್ಮಲ್ಲಿ ಪ್ರತಿ ದಾನ್ಸೋನನ್ನೂ ಯಾರದಾದರೂ ಹೆಸರಿಗೆ ಕೂಗಿ ಅರ್ಪಿಸುವುದುಂಟು. ಮದುವೆಯಾದವರಿಗೆ, ಮೊಮ್ಮಗು ಹುಟ್ಟಿದವರಿಗೆ, ಹಲ್ಲು ಕಟ್ಟಿಸಿಕೊಂಡು ಬಂದವರಿಗೆ. ಹೆಸರು ಕೂಗಿಸಿಕೊಂಡವರು ಎದ್ದು ತಲೆಬಾಗಬೇಕು. ಆ ದಿನ ಮಾಯೆಸ್ತ್ರೊ ಕೂಗಿದರು, ಯಾರೂ ಏಳಲಿಲ್ಲ.

ಆಮೇಲೆ ಸಂಘ ಡಾಕ್ಟರಮ್ಮನವರನ್ನು ಕರೆಸಿತು. ಅವರು ಮೂಲೆಯಲ್ಲಿ ಮೇಜು ಹಾಕಿಕೊಂಡು, ತೋಳಿಗೆ ಪಟ್ಟಿ ಸುತ್ತಿ, ಒಬ್ಬೊಬ್ಬರ ರಕ್ತದ ಒತ್ತಡ ನೋಡಿದರು. ಎಪ್ಪತ್ತು ದಾಟಿದವರು ಅವರ ಸಹಿಯ ಚೀಟಿಯಿಲ್ಲದೆ ಚೌಕದಲ್ಲಿ ಕುಣಿಯಬಾರದು ಎಂಬ ನಿಯಮವಾಯಿತು. ನಿಯಮ ಒಳ್ಳೆಯದು. ಎಷ್ಟು ಒಳ್ಳೆಯದೆಂದರೆ, ಅದನ್ನು ಪದಾಧಿಕಾರಿಗಳಿಗೆ ಅನ್ವಯಿಸಿ ಹಾಳುಮಾಡಬಾರದು ಎಂದು ನಾನೇ ಒಂದು ತಿದ್ದುಪಡಿ ಸೂಚಿಸಿದೆ. ಊಟವಾದ ಮೇಲಿನ ಸಭೆ. ಎಲ್ಲರೂ ಕಣ್ಣುಮುಚ್ಚಿ ಅಂಗೀಕರಿಸಿದರು. ಅಧ್ಯಕ್ಷರು ಅಂಗೀಕರಿಸಿದ ಸದ್ದು ಪಕ್ಕದ ಕೋಣೆಗೂ ಕೇಳಿಸಿತು.

ಅಧ್ಯಕ್ಷರು ಆಮೇಲೆ ತಾವಾಗಿಯೇ ಹೋಗಿ ತೋಳು ಕೊಟ್ಟು ಚೀಟಿ ತಂದದ್ದು ಅವರ ದೊಡ್ಡ ಗುಣ. ಅದರಿಂದ ನನ್ನ ಮೇಲೆ ಒತ್ತಡ ಬಂತು. ಇದು ರಕ್ತದ ಒತ್ತಡವಲ್ಲ, ಮಿತ್ರರ ಒತ್ತಡ. ಅದಕ್ಕೆ ಇನ್ನೂ ಮಾತ್ರೆ ಕಂಡುಹಿಡಿದಿಲ್ಲ.

ಮಹನೀಯರೇ, ಡಾಕ್ಟರಮ್ಮ ನಮಗೆ ಹೃದಯದ ಬಗ್ಗೆ ಕೊಟ್ಟ ಉಪನ್ಯಾಸ ನೆನಪಿದೆಯೇ? ನನಗೆ ಪೂರಾ ನೆನಪಿದೆ. ಯಾಕೆಂದರೆ ನಾನು ಬೇರೆಯವರ ಹಿತದೃಷ್ಟಿಯಿಂದ ಕೇಳಿಸಿಕೊಂಡೆ. ನಾನು ಬಂದರಿನ ಸುಂಕದ ಕಚೇರಿಯಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವನು. ನಾಲ್ಕು ಕೋಣೆ, ಒಂದೇ ಕಡೆಗೆ ತೆರೆಯುವ ಬಾಗಿಲುಗಳು, ಒಳಗೆ ಬಂದದ್ದು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವಂತಿಲ್ಲ ಎಂದು ಅವರು ಹೇಳಿದಾಗ, ಇದು ನಮ್ಮ ಕಚೇರಿಯೇ ಎಂದುಕೊಂಡೆ. ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಹಾಕಿಲ್ಲ ಎಂದಾಗ ಅಲ್ಲವೆಂದು ಖಚಿತವಾಯಿತು.

ಮೇಲಿನ ಕೋಣೆಗಳನ್ನು ಹೃತ್ಕರ್ಣ ಎನ್ನುತ್ತಾರೆ, ಕೆಳಗಿನವನ್ನು ಹೃತ್ಕುಕ್ಷಿ. ಅಂದರೆ ಹೃದಯಕ್ಕೆ ಕಿವಿಯಿದೆ, ಹೊಟ್ಟೆಯಿದೆ. ಇಲ್ಲದಿರುವುದು ಬಾಯಿಯೊಂದೇ. ಈ ಸಂಘದಲ್ಲಿ ಅಂಥ ಸದಸ್ಯರು ಇನ್ನೊಬ್ಬರಿಲ್ಲ.

ಎಳೆಯ ವಯಸ್ಸಿನಲ್ಲಿ ರಕ್ತನಾಳಗಳು ಒಂದೊಂದು ಬಡಿತಕ್ಕೂ ಹಿಗ್ಗುತ್ತವಂತೆ. ವಯಸ್ಸಾದಂತೆ ಗಡುಸಾಗುತ್ತವೆ, ಹಿಗ್ಗುವುದನ್ನು ಮರೆಯುತ್ತವೆ. ಹಿಗ್ಗುವುದನ್ನು ಮರೆತವರ ಮನೆಯಲ್ಲಿ ಒತ್ತಡ ಏರದೆ ಇನ್ನೇನಾದೀತು? ಆ ಒತ್ತಡದ ಎದುರು ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ. ತೋಳು ದಪ್ಪವಾದರೆ ಪೈಲ್ವಾನ ಎನ್ನುತ್ತೇವೆ, ಹೃದಯ ದಪ್ಪವಾದರೆ ರೋಗಿ ಎನ್ನುತ್ತೇವೆ. ಇದು ಅನ್ಯಾಯ, ಆದರೆ ನಾನು ವೈದ್ಯಶಾಸ್ತ್ರದ ತಿದ್ದುಪಡಿಗೆ ಕೈಹಾಕುವುದಿಲ್ಲ. ದಪ್ಪ ಗೋಡೆ ಬಡಿದಾದ ಮೇಲೆ ಸಡಿಲಗೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಸಡಿಲಗೊಂಡರೆ ತಾನೆ ರಕ್ತ ತುಂಬಿಕೊಳ್ಳುವುದು? ಡಾಕ್ಟರಮ್ಮ ಹೇಳಿದ ಮಾತು ಹೀಗಿತ್ತು: "ನೋಡಿ, ಜನ ಹತ್ತೋಕ್ ಮುಂಚೇನೇ ಬಸ್ ಬಿಟ್ಬಿಟ್ರೆ ಏನಾಗುತ್ತೆ? ಉಳ್ದೋರು ಸ್ಟಾಪಲ್ಲೇ ನಿಂತಿರ್ತಾರೆ. ಹಾಗೇ ನೀರು ಕಾಲಲ್ಲಿ ನಿಲ್ಲುತ್ತೆ, ಎದೇಲಿ ನಿಲ್ಲುತ್ತೆ. ಮುದಿ ಹೃದಯಕ್ಕೆ ಶಕ್ತಿ ಇಲ್ಲ ಅಂತಲ್ಲ. ಅದಕ್ಕೆ ಬಿಡುವು ಬೇಕು."

ಎಂಥ ಮಾತು! ಇಂಥ ಮಾತನ್ನು ಕೇಳಿ ಎಷ್ಟೋ ಸದಸ್ಯರು ಉಪ್ಪು ಬಿಟ್ಟರು. ಕೆಲವರು ಉಪ್ಪಿನ ಡಬ್ಬಿ ಬಿಟ್ಟು ಒಣಸಿಗಡಿ ಹಿಡಿದರು.

ನನ್ನ ಮಟ್ಟಿಗೆ ಇದಾವುದರ ಅಗತ್ಯ ಬೀಳಲಿಲ್ಲ. ನಾನು ಮೊದಲಿನಂತೆಯೇ ಇದ್ದೇನೆ. ಬೆಳಿಗ್ಗೆ ಕಡಲದಂಡೆಯ ಮೇಲೆ ನಡೆಯುತ್ತೇನೆ. ನಡುನಡುವೆ ನಿಂತು ಹಡಗು ನೋಡುತ್ತೇನೆ. ಸುಂಕದವನಿಗೆ ಹಡಗಿನ ಮೋಹ ಹೋಗುವುದುಂಟೇ? ಮೊದಲು ದೀಪಸ್ತಂಭದ ಹತ್ತಿರ ಒಮ್ಮೆ ನಿಲ್ಲುತ್ತಿದ್ದೆ. ಈಗ ಐಸ್‌ಕ್ರೀಮ್ ಅಂಗಡಿಯ ಎದುರು, ಬ್ಯಾಂಕಿನ ಎದುರು, ಚರ್ಚಿನ ಹಿಂದೆ ನಿಂತೂ ಹಡಗು ನೋಡುತ್ತೇನೆ. ಚರ್ಚಿನ ಹಿಂದಿನಿಂದ ಸಮುದ್ರ ಕಾಣುವುದಿಲ್ಲ ಎಂದು ದೋನ್ ಫುಲ್ಹೆನ್ಸಿಯೊ ಒಮ್ಮೆ ಆಕ್ಷೇಪಿಸಿದರು. ಅನುಭವಿಗೆ ಕಾಣುತ್ತದೆ.

ದಿಂಬಿನ ವಿಷಯವನ್ನೂ ಕೆಲವರು ದೊಡ್ಡದು ಮಾಡಿದ್ದಾರೆ. ಅಂಗಡಿಯಲ್ಲಿ ರಿಯಾಯಿತಿ ಇತ್ತು, ಮೂರನೆಯ ದಿಂಬು ಕೊಂಡೆ. ಎರಡು ದಿಂಬಿನ ಮೇಲೆ ಮಲಗಿದರೆ ಉಸಿರು ಸ್ವಲ್ಪ... ಗಾಳಿ ಸ್ವಲ್ಪ ಕಡಿಮೆ, ನಮ್ಮ ಬೀದಿಯಲ್ಲಿ. ಮೂರಾದರೆ ಕಿಟಕಿಯ ಮಟ್ಟಕ್ಕೆ ಬರುತ್ತೇನೆ. ಇನ್ನು ಈ ಕಪ್ಪುಬಿಳುಪಿನ ಬೂಟು. ಒಂದು ಅಳತೆ ದೊಡ್ಡದು ಕೊಂಡಿದ್ದೇನೆ, ನಿಜ. ಸಂಜೆಯಾದರೆ ಹಳೆಯ ಬೂಟು ಕಚ್ಚುತ್ತಿತ್ತು. ಬೆಳಿಗ್ಗೆ ಕಚ್ಚುತ್ತಿರಲಿಲ್ಲ. ಚರ್ಮದ ಗುಣ.

ಡಾಕ್ಟರಮ್ಮ, ದಯವಿಟ್ಟು ಕುಳಿತುಕೊಳ್ಳಿ. ನಾನಿನ್ನೂ ವಂದನಾರ್ಪಣೆಗೆ ಬಂದಿಲ್ಲ.

ದೋನ್ಯಾ ಎದುವೀಹೆಸ್, ಅಂದರೆ ನಮ್ಮ ದೋನ್ಯಾ ವೀಚಾ, ಒಂದು ದಿನ ನನ್ನನ್ನು ಕೇಳಿದರು: "ಉಪಾಧ್ಯಕ್ಷರೇ, ಉಸಿರು ಬಿಡ್ತಿದೀರೋ, ರೈಲು ಬಿಡ್ತಿದೀರೋ?" ನಾನು, "ಎರಡೂ ಅಭ್ಯಾಸ ಇದೆ ದೋನ್ಯಾ ವೀಚಾ" ಎಂದೆ. ಅವರು ಬೀಸಣಿಗೆಯ ದಿಕ್ಕು ತಿರುಗಿಸಿ ನನಗೆ ಗಾಳಿ ಬೀಸತೊಡಗಿದರು. ಮಹಿಳೆಯರು ತಮ್ಮ ಬೀಸಣಿಗೆಯಿಂದ ಗಂಡಸಿಗೆ ಗಾಳಿ ಹಾಕುವುದು ದಾನ್ಸೋನಿನ ಶಿಷ್ಟಾಚಾರದಲ್ಲಿಲ್ಲ. ಅದನ್ನು ಅವರ ಗಮನಕ್ಕೆ ತಂದೆ. "ಸುಮ್ನೆ ನಿಂತ್ಕೊಳ್ರೀ, ನೊಣ ಓಡಿಸ್ತಿದೀನಿ" ಎಂದರು.

ಶಿಷ್ಟಾಚಾರದ ಮಾತು ಬಂದದ್ದರಿಂದ, ಇಂಥ ವೇದಿಕೆಯಲ್ಲಿ ಹೇಳಲೇಬೇಕಾದ ಒಂದು ನೋವಿನ ಸಂಗತಿಯಿದೆ. ದಾನ್ಸೋನ್ ಎಂದರೆ ಬರೀ ಕುಣಿತವಲ್ಲ, ನಿಲ್ಲುವುದೂ ಹೌದು. ಪಲ್ಲವಿ ಬಂದಾಗ ಜೋಡಿಗಳು ನಿಲ್ಲಬೇಕು. ಕೈ ಬಿಟ್ಟು, ಅಕ್ಕಪಕ್ಕ ನಿಂತು, ವಾದ್ಯದವರ ಕಡೆ ಮುಖ ಮಾಡಬೇಕು. ಮಹಿಳೆ ಬೀಸಣಿಗೆ ಬಿಚ್ಚಬೇಕು. ಪಲ್ಲವಿ ಮುಗಿದ ಮೇಲೆ ಮತ್ತೆ ಹೆಜ್ಜೆ. ನಮ್ಮ ಹಿರಿಯರು ಈ ಸೆಕೆಯ ಊರಿನಲ್ಲಿ ಕುಳಿತು ಯೋಚಿಸಿ ಮಾಡಿದ ಏರ್ಪಾಡು. ಪಲ್ಲವಿಯಲ್ಲೂ ಕುಣಿಯುವ ಎಳೆಯರನ್ನು ಚೌಕದಲ್ಲಿ ನೋಡಿದಾಗ ನನ್ನ ಎದೆ ಹಿಂಡಿದಂತಾಗುತ್ತದೆ. ಇದು ಅಲಂಕಾರಕ್ಕೆ ಹೇಳಿದ ಮಾತು, ಡಾಕ್ಟರಮ್ಮ. ಬರೆದುಕೊಳ್ಳಬೇಡಿ.

ಹೆಜ್ಜೆ ಹಾಕುವಾಗ ಮಾತಾಡುವಂತಿಲ್ಲ. ಆಡುವ ಮಾತೆಲ್ಲ ಪಲ್ಲವಿಯಲ್ಲೇ ಆಡಬೇಕು. ದೋನ್ಯಾ ವೀಚಾ ಮತ್ತು ನಾನು ಎಷ್ಟೋ ವರ್ಷಗಳಿಂದ ಜೋಡಿ. ಆದರೂ ನಮ್ಮ ಪರಿಚಯವೆಂದರೆ ಪಲ್ಲವಿಗಳ ಪರಿಚಯ. ಒಂದು ಪಲ್ಲವಿಯಲ್ಲಿ ಅವರು "ಸೆಕೆ" ಎನ್ನುತ್ತಿದ್ದರು. ಮುಂದಿನದರಲ್ಲಿ ನಾನು "ಹೌದು" ಎನ್ನುತ್ತಿದ್ದೆ. ಅಷ್ಟರಲ್ಲಿ ಕೊಳಲು ಎತ್ತುತ್ತಿದ್ದರು. ದಾನ್ಸೋನ್ ಮುಗಿದ ಮೇಲೆ ಅವರು ಅವರ ಮನೆಗೆ, ನಾನು ನನ್ನ ಮನೆಗೆ. ಅವರ ಬಾಗಿಲು ತಟ್ಟಲು ನನಗೇನು ಕಾರಣ? ಹೆಂಡತಿ ತೀರಿಕೊಂಡವನು ಗಂಡ ತೀರಿಕೊಂಡವರ ಮನೆಗೆ ಮಧ್ಯಾಹ್ನ ಹೋದರೆ, ನಮ್ಮ ಬಡಾವಣೆಯವರು ಸಂಜೆಯೊಳಗೆ ಮದುವೆಯ ಕೇಕಿಗೆ ಹೇಳಿ ಬರುತ್ತಾರೆ. ಹೇಳಿ ಬರುವವರು ಯಾರೆಂದು ನನಗೆ ಗೊತ್ತಿದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ.

ನೋವಿನ ಸಂಗತಿ ಯಾವುದೆಂದರೆ, ಕೆಲವು ತಿಂಗಳುಗಳಿಂದ ಮಾಯೆಸ್ತ್ರೊ ಇಲಾರಿಯೊ ಅವರು ಪಲ್ಲವಿಯನ್ನು ಎರಡೆರಡು ಸಲ ನುಡಿಸುತ್ತಿದ್ದಾರೆ. ನಗಬೇಡಿ. ಇದು ನಗುವ ವಿಷಯವಲ್ಲ. ಹಿರಿಯರು ಬರೆದಿಟ್ಟ ಸ್ವರವನ್ನು ಹೀಗೆ ಎಳೆಯಬಹುದೇ? ನಾನು ಅವರನ್ನು ಕೇಳಿದೆ. "ಕಹಳೆಯೋನು ಸಾಲು ತಪ್ತಾನೆ ದೋನ್ ಕಸಿಮಿರೊ, ಹೊಸಬ" ಎಂದರು. ಆ ಹೊಸಬ ನನ್ನ ಮದುವೆಯಲ್ಲಿ ಕಹಳೆ ಊದಿದವನು. ಇನ್ನೊಮ್ಮೆ ಕೇಳಿದೆ. "ಹಾಳೆ ಅಂಟ್ಕೊಂಡಿತ್ತು" ಎಂದರು. ಮೊನ್ನೆ ಮೂರು ಸಲ ನುಡಿಸಿದರು! ಅಂದು ನನಗೆ ಬೆಳಿಗ್ಗೆಯಿಂದ ಮೈ ಸರಿಯಿರಲಿಲ್ಲ, ಬಡಗಾಳಿ ಬೀಸಿದ ದಿನ, ಆದ್ದರಿಂದ ಜಗಳಕ್ಕೆ ಹೋಗಲಿಲ್ಲ. ಅಷ್ಟು ಹೊತ್ತು ನಿಂತರೂ ಒಬ್ಬ ಸದಸ್ಯರೂ ಗೊಣಗಲಿಲ್ಲ. ಇಡೀ ಸಂಘ ವಾದ್ಯದವರ ಕಡೆ ಮುಖ ಮಾಡಿ, ಬೀಸಣಿಗೆ ಬೀಸಿಕೊಂಡು...

ಯಾಕೆ ನಗುತ್ತಿದ್ದೀರಿ? ದೋನ್ ಫುಲ್ಹೆನ್ಸಿಯೊ, ಅಧ್ಯಕ್ಷ ಪೀಠ ನಗಬಾರದು.

ಮಾಯೆಸ್ತ್ರೊ, ತಲೆ ಎತ್ತಿ ನೋಡಿ.

ಡಾಕ್ಟರಮ್ಮ, ತಾವು ಯಾಕೆ ದೋನ್ಯಾ ವೀಚಾ ಅವರನ್ನು ನೋಡುತ್ತಿದ್ದೀರಿ? ದೋನ್ಯಾ ವೀಚಾ, ಬೀಸಣಿಗೆ ಮುಖಕ್ಕೆ ಅಡ್ಡ ಹಿಡಿದರೆ ಗಾಳಿ ಬರುವುದಿಲ್ಲ.

ಕ್ಷಮಿಸಿ. ಒಂದು ಲೋಟ ನೀರು.

ಸಭಿಕರೇ, ಸುಂಕದ ಕಚೇರಿಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಪೆಟ್ಟಿಗೆ ತೆರೆಯದೆಯೇ ಒಳಗೇನಿದೆ ಎಂದು ಹೇಳುತ್ತಿದ್ದೆ. ಇಷ್ಟು ದೊಡ್ಡ ಮಾಲನ್ನು ನೀವೆಲ್ಲ ಸೇರಿ ವಾರವಾರವೂ ನನ್ನ ಕಣ್ಣೆದುರೇ ಸಾಗಿಸಿದ್ದೀರಿ, ನನಗೆ ಗೊತ್ತಾಗಲಿಲ್ಲ. ಇಲಾಖೆಗೆ ಇದು ತಿಳಿದರೆ ಪಿಂಚಣಿ ವಾಪಸು ಕೇಳುತ್ತಾರೆ.

ಅಂದರೆ, ನಿಮಗೆಲ್ಲ ಗೊತ್ತಿತ್ತು. ಚರ್ಚಿನ ಹಿಂದಿನ ಹಡಗು ಗೊತ್ತಿತ್ತು. ಬೂಟು ಗೊತ್ತಿತ್ತು. ಮೊನ್ನೆ ಮೂರು ಸಲ ಪಲ್ಲವಿ ನುಡಿಸಲು ಮಾಯೆಸ್ತ್ರೊಗೆ ಸನ್ನೆ ಮಾಡಿದವರು ಯಾರು ಎಂದು ನಾನು ಕೇಳುವುದಿಲ್ಲ. ನನ್ನ ಪಕ್ಕದಲ್ಲಿ ನಿಂತು ನೊಣ ಓಡಿಸುತ್ತಿದ್ದವರು ಒಬ್ಬರೇ. ಅಂದು ನೊಣ ಇರಲಿಲ್ಲ. ಬಡಗಾಳಿಗೆ ನೊಣ ಬರುವುದಿಲ್ಲ.

ಡಾಕ್ಟರಮ್ಮ ನನಗೆ ಎರಡು ಸಲ ಹೇಳಿಕಳಿಸಿದ್ದರು. ಬೀದಿಯಲ್ಲಿ ಸಿಕ್ಕಾಗ ಕೇಳಿಯೂ ಬಿಟ್ಟರು: "ಯಾಕ್ರೀ ತಪ್ಪಿಸ್ಕೊಂಡು ಓಡಾಡ್ತೀರಾ?" ನಾನು, "ನೀವು ಕುಣೀಬೇಡಿ ಅಂತೀರಿ" ಎಂದೆ. "ಕುಣೀಬೇಡಿ ಅಂತ ಯಾರ್ ಹೇಳಿದ್ರು? ನೋಡ್ದೇ ಏನೂ ಹೇಳಕ್ಕಾಗಲ್ಲ ಅಂದೆ ಅಷ್ಟೇ. ಮಾತ್ರೆ ಇದೆ, ನೀರಿಳ್ಸೋಕೆ ದಾರಿ ಇದೆ. ಕುಣಿಯೋಕೆ ಆಗ್ಬೋದು, ಆಗ್ದೇನೂ ಇರ್ಬೋದು." ಆ 'ಆಗದೇನೂ ಇರಬಹುದು' ನನಗೆ ಬೇಡವಾಗಿತ್ತು.

ಸಾವಿನ ಭಯವೇ ಎಂದು ಕೇಳುತ್ತೀರಿ. ಅದು ಎಲ್ಲರಿಗೂ ಇರುವಷ್ಟು ಇದೆ, ಅದರಲ್ಲಿ ನನ್ನ ವಿಶೇಷವೇನೂ ಇಲ್ಲ. ಕುಣಿತದ ಮೋಹವೇ? ಅದೂ ಅಲ್ಲ, ನನ್ನ ಎಡಗಾಲು ಯಾವತ್ತೂ ಅರ್ಧ ತಾಳ ಹಿಂದೆ. ವಿಷಯ ಇಷ್ಟೇ. ಕುಣಿಯದಿದ್ದರೆ ಪಲ್ಲವಿ ಇಲ್ಲ. ಪಲ್ಲವಿ ಇಲ್ಲದಿದ್ದರೆ ನಾನು ಯಾವ ನೆಪದಲ್ಲಿ ಯಾರ ಪಕ್ಕ ನಿಲ್ಲಬೇಕು?

ಪಲ್ಲವಿ ಉದ್ದವಾದ ಮೇಲೆ ನಮ್ಮ ಮಾತೂ ಉದ್ದವಾಯಿತು. ಮೊದಲ ಬಾರಿಗೆ ನನಗೆ ಒಂದು ವಾಕ್ಯದ ಕ್ರಿಯಾಪದದವರೆಗೆ ಹೋಗಲು ಸಾಧ್ಯವಾಯಿತು. ಅವರು ತಮ್ಮ ಯಜಮಾನರ ವಿಷಯ ಹೇಳಿದರು. "ಅವ್ರು ಒಂದಿನಾನೂ ಕುಣೀಲಿಲ್ಲ. ನಾನ್ ಕುಣಿಯೋವಾಗ ನನ್ ಚೀಲ ತೊಡೆ ಮೇಲಿಟ್ಕೊಂಡು ಗೋಡೆ ಪಕ್ಕ ಕೂತಿರ್ತಿದ್ರು, ಸರ್ಕಾರದ ಖಜಾನೆ ಕಾಯೋರ ಥರ. ಈಗ ಚೀಲ ಎಲ್ಲಿಟ್ರೂ ತಿರ್ಗಿ ತಿರ್ಗಿ ಅದ್ನೇ ನೋಡ್ತೀನಿ." ಆಮೇಲೆ ಸ್ವಲ್ಪ ಬಿಟ್ಟು, "ಮನೇಲಿ ಯಾರ್ ಹತ್ರಾನೂ ಇಷ್ಟು ಮಾತಾಡಲ್ಲ ಕಣ್ರೀ. ಯಾರಿದಾರೆ ಮಾತಾಡೋಕೆ" ಎಂದರು. ನಾನು ಏನೋ ಹೇಳಬೇಕೆಂದಿದ್ದೆ. ಉಸಿರು ಸಾಲಲಿಲ್ಲ. ಹೇಳಲು ಸಮಯ ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆದರೆ ಅಂದು ಪಲ್ಲವಿ ಇನ್ನೂ ನಡೆಯುತ್ತಲೇ ಇತ್ತು.

ಅಧ್ಯಕ್ಷರೇ, ಹತ್ತು ನಿಮಿಷ ಮುಗಿದಿದೆ ಎಂದು ಬಲ್ಲೆ. ಗಂಟೆ ಬಾರಿಸಬೇಡಿ, ನನಗೆ ಒಮ್ಮೆಲೇ ಬೆಚ್ಚಿಬೀಳುವುದು ಒಳ್ಳೆಯದಲ್ಲ. ನೋಡಿ, ಒಪ್ಪಿಕೊಂಡೆ.

ಸಭೆಯ ಮುಂದೆ ಎರಡು ಸೂಚನೆಗಳನ್ನು ಮಂಡಿಸಲು ಅಪ್ಪಣೆ ಬೇಡುತ್ತೇನೆ. ಮೊದಲನೆಯದು: ಪದಾಧಿಕಾರಿಗಳಿಗೆ ಚೀಟಿ ಬೇಡವೆಂಬ ತಿದ್ದುಪಡಿಯನ್ನು ರದ್ದುಪಡಿಸಬೇಕು. ಈ ಸಲ ದಯವಿಟ್ಟು ಕಣ್ಣು ತೆರೆದು ಅಂಗೀಕರಿಸಿ. ಧನ್ಯವಾದ. ಇದರ ಪ್ರಕಾರ ಇಂದು ಚೌಕದಲ್ಲಿ ಮೊದಲ ದಾನ್ಸೋನನ್ನು ದೋನ್ ಫುಲ್ಹೆನ್ಸಿಯೊ ದಂಪತಿ ಆರಂಭಿಸುತ್ತಾರೆ. ಪಲ್ಲವಿಯನ್ನು ಬರೆದಿರುವಷ್ಟೇ ನುಡಿಸಬೇಕು, ಮಾಯೆಸ್ತ್ರೊ. ನಾನು ಆ ಹೊತ್ತಿಗೆ ಡಾಕ್ಟರಮ್ಮನವರ ಮೇಜಿನ ಹತ್ತಿರ ಇರುತ್ತೇನೆ. ಮುಂದೆ ಕುಣಿಯುತ್ತೇನೋ ಇಲ್ಲವೋ ಅವರು ಹೇಳಿದಂತೆ.

ಎರಡನೆಯ ಸೂಚನೆ. ಇದು ಕಾರ್ಯಸೂಚಿಯಲ್ಲಿಲ್ಲ. ಕಸಿಮಿರೊ ಉಸ್ಕಾಂಗ ಎಂಬ ಸದಸ್ಯನು, ಕುಣಿಯಲು ಅನುಮತಿ ದೊರೆಯಲಿ ದೊರೆಯದಿರಲಿ, ಪ್ರತಿ ಭಾನುವಾರ ಹಗಲುಹೊತ್ತಿನಲ್ಲೇ, ಎಲ್ಲರಿಗೂ ಕಾಣುವಂತೆ, ದೋನ್ಯಾ ಎದುವೀಹೆಸ್ ಲಗುನೆಸ್ ಅವರ ಬಾಗಿಲು ತಟ್ಟಿ, ಅವರೊಡನೆ ಕುಳಿತು ಕಾಫಿ ಕುಡಿಯತಕ್ಕದ್ದು. ಮಾತಿಗೆ ಕಾಲಮಿತಿ ಇರತಕ್ಕದ್ದಲ್ಲ.

ಇದಕ್ಕೆ ಅನುಮೋದಕರು ಬೇಕು.

ಅಧ್ಯಕ್ಷರೇ, ಕೈ ಇಳಿಸಿ. ತಮ್ಮ ಅನುಮೋದನೆಗೆ ಈ ವಿಷಯದಲ್ಲಿ ಬೆಲೆಯಿಲ್ಲ. ಮಾಯೆಸ್ತ್ರೊ, ತಾವೂ. ಕೊನೆಯ ಸಾಲಿನವರು ಎರಡೆರಡು ಕೈ ಎತ್ತಿದ್ದೀರಿ, ಎಲ್ಲವನ್ನೂ ಇಳಿಸಿ. ಡಾಕ್ಟರಮ್ಮ, ತಮ್ಮದು ವೈದ್ಯಕೀಯ ಸಲಹೆ ಎಂದು ದಾಖಲಿಸಿಕೊಳ್ಳುತ್ತೇನೆ, ಆದರೂ ಇಳಿಸಿ. ನನಗೆ ಬೇಕಾಗಿರುವುದು ಒಂದೇ ಕೈ. ಕಾಯುತ್ತೇನೆ. ನಿಂತು ಕಾಯುವುದು ನಮಗೆ ಹೊಸತಲ್ಲ.

...

ಸೂಚನೆ ಅಂಗೀಕೃತವಾಗಿದೆ. ಸಕ್ಕರೆ ಎಷ್ಟು ಎಂಬುದನ್ನು ಭಾನುವಾರ ತಿಳಿಸುತ್ತೇನೆ, ದೋನ್ಯಾ ವೀಚಾ.

ಸನ್ಮಾನ ಸ್ವೀಕರಿಸಲು ಬಂದು ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ಡಾಕ್ಟರ್ ನೆರೆಯಿದಾ ಪುಲಿದೊ ಅವರಿಗೆ, ಅಧ್ಯಕ್ಷರಿಗೆ, ವಾದ್ಯವೃಂದಕ್ಕೆ, ನಿಮ್ಮೆಲ್ಲರಿಗೂ ಸಂಘದ ಪರವಾಗಿ ವಂದನೆಗಳು. ಡಾಕ್ಟರಮ್ಮ, ಪಟ್ಟಿ ತರುತ್ತಿದ್ದೀರಿ, ಸಂತೋಷ. ಅಂಗಿಯ ತೋಳು ಮಡಿಸಿದ್ದೇನೆ. ಆದರೆ ಈಗಲೇ ಬೇಡ, ಸ್ವಲ್ಪ ಹೊತ್ತು ಬಿಟ್ಟು ಸುತ್ತಿ. ಈ ಕ್ಷಣ ನನ್ನ ನಾಡಿ ಎಷ್ಟು ತೋರಿಸಿದರೂ ಅದನ್ನು ವಯಸ್ಸಿನ ಮೇಲೆ ಹಾಕಬಾರದು.

ನಮಸ್ಕಾರ.